ಉಸ್ತಾದರ ಎಡ ಸೊಂಟ

ನಾನು ಒಂದು ಉಕ್ಕಿನ ಕಡ್ಡಿ. ಉದ್ದ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ. ಮೇಲೆ ದಪ್ಪ, ಕೆಳಕ್ಕೆ ಬರುತ್ತ ಸಪೂರ. ತಲೆಗೊಂದು ಗುಂಡು ಕೂರಿಸಿದರೆ ನಾನು ಮನುಷ್ಯನ ಸೊಂಟದ ಕೀಲಾಗುತ್ತೇನೆ. ಕಾರ್ಖಾನೆಯಲ್ಲಿ ನನ್ನನ್ನು ಉಜ್ಜಿ, ಮತ್ತೆ ಉಜ್ಜಿ, ನೊಣ ಕೂತರೂ ಜಾರಬೇಕು, ಅಷ್ಟು ನುಣುಪು ಮಾಡಿದರು. ಪಕ್ಕದ ಸಾಲಿನ ಕಡ್ಡಿಗಳದ್ದು ತರಿತರಿ ಮೈ. ಮೂಳೆ ಆ ತರಿಯೊಳಗೆ ಬೆಳೆದು ಅವನ್ನು ಹಿಡಿದುಕೊಳ್ಳುತ್ತದಂತೆ, ಅಂಟುಗಿಂಟು ಏನೂ ಬೇಡವಂತೆ. ಅವುಗಳ ಜಂಭ ನೋಡಬೇಕಿತ್ತು. ನನಗೆ ಹೊಟ್ಟೆಕಿಚ್ಚಿಗಿಂತ ಕುತೂಹಲವೇ ಹೆಚ್ಚು. ಜಾರುವ ಮೈ ಕೊಟ್ಟು ಅಲ್ಲಾಡದೆ ನಿಲ್ಲು ಎಂದರೆ ಹೇಗೆ ನಿಲ್ಲುವುದು?

ಈ ಪ್ರಶ್ನೆಯನ್ನು ನನ್ನ ಪರವಾಗಿ ಕೇಳಿದವರು ಸಾಕಮ್ಮ. ಮೈಸೂರಿನ ಒಂದು ಆಸ್ಪತ್ರೆಯಲ್ಲಿ ಅವರ ಗಂಡ ಮಲಗಿದ್ದರು. ಹೆಸರು ಚಲುವಯ್ಯ, ವಯಸ್ಸು ಎಪ್ಪತ್ತೆಂಟು, ಒಂದು ಕಾಲದ ಹೆಸರಾಂತ ಪೈಲ್ವಾನ್. ಊರಿಗೆಲ್ಲ ಅವರು ಉಸ್ತಾದರು. ಎಷ್ಟೋ ಜಟ್ಟಿಗಳನ್ನು ಮಣ್ಣಿಗೆ ಕೆಡವಿದ್ದವರು ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದರು. ಡಾಕ್ಟರ್ ತಸ್ನೀಮ್ ನನ್ನಂಥದ್ದೇ ಒಂದು ಮಾದರಿಯನ್ನು ಸಾಕಮ್ಮನ ಕೈಗೆ ಕೊಟ್ಟರು. ಪೆಟ್ಟಿಗೆಯೊಳಗಿದ್ದ ನಾನು ಎಲ್ಲ ಕೇಳಿಸಿಕೊಳ್ಳುತ್ತಿದ್ದೆ.

"ಇಷ್ಟು ನುಣ್ಣಗದೆಯಲ್ಲ ಡಾಕ್ಟ್ರಮ್ಮ, ಜಾರಾಕಿಲ್ವಾ?"

"ಯಜಮಾನ್ರ ಮೂಳೆ ಒಳಗಿಂದ ತೆಳ್ಳಗಾಗಿದೆ ಅಮ್ಮ. ತರಿ ಇರೋದನ್ನ ಬಡಿದು ಕೂರಿಸೋಕೆ ಹೋದ್ರೆ ಸೀಳಿಬಿಡಬಹುದು. ಇದನ್ನ ಸಿಮೆಂಟ್ ಹಾಕಿ ಕೂರಿಸ್ತೀವಿ."

"ಸಿಮೆಂಟಾ? ಮನೆ ಕಟ್ಟೋದಾ?"

"ಅದಲ್ಲ, ಮೂಳೆಗೆ ಅಂತಾನೇ ಬೇರೆ ಬರುತ್ತೆ. ಆ ಸಿಮೆಂಟ್ ಒಳಗೆ ಇದು ಕೂದಲೆಳೆಯಷ್ಟು ಕೆಳಗೆ ಜಾರುತ್ತೆ, ಜಾರಿ ಬೆಣೆ ಥರ ಕೂತ್ಕೊಳ್ಳುತ್ತೆ. ಭಾರ ಬಿದ್ದಷ್ಟೂ ಬಿಗಿ."

ಅಷ್ಟು ದಿನ ನನ್ನ ತಲೆ ತಿಂದ ಪ್ರಶ್ನೆಗೆ ಉತ್ತರ ಹೀಗೆ ಸಿಕ್ಕಿತು. ಆದರೆ ನಂಬಿಕೆ ಬರಲಿಲ್ಲ.

ಆಪರೇಷನ್ ದಿನ ಮೂಳೆಯ ಕೊಳವೆಗೆ ಬಿಳಿ ಹಿಟ್ಟಿನಂಥ ಸಿಮೆಂಟ್ ತುಂಬಿ ನನ್ನನ್ನು ಅದರೊಳಗೆ ಇಳಿಸಿದರು. ಅದು ಗಟ್ಟಿಯಾಗುವವರೆಗೆ ಡಾಕ್ಟರ್ ನನ್ನನ್ನು ಒಂದೇ ಹದದಲ್ಲಿ ಒತ್ತಿ ಹಿಡಿದಿದ್ದರು. ಸಿಮೆಂಟ್ ಬಿಸಿಯಾಯಿತು, ತಣ್ಣಗಾಯಿತು. ಕೈ ಬಿಟ್ಟರು. ನಾನು ಅಲ್ಲಾಡಲಿಲ್ಲ. ಆಮೇಲೆ ನನ್ನ ತಲೆಯ ಗುಂಡನ್ನು ಸೊಂಟದ ಬಟ್ಟಲಿಗೆ ಕೂರಿಸಿ ಹೊಲಿಗೆ ಹಾಕಿದರು. ಅಲ್ಲಿಂದ ನನಗೆ ಕತ್ತಲೆ. ಹೊರಗಿನದ್ದೆಲ್ಲ ಭಾರದಿಂದ, ಮಾತಿನಿಂದ ತಿಳಿಯಬೇಕು.

ಮರುದಿನವೇ ಉಸ್ತಾದರನ್ನು ನಿಲ್ಲಿಸಿದರು. ಅಬ್ಬಾ, ಎಂಥ ಭಾರ! ನಾನು ಕೂದಲೆಳೆಯಷ್ಟು ಇಳಿದೆ, ಬಿಗಿಯಾದೆ. ಡಾಕ್ಟರ್ ಹೇಳಿದ್ದು ಸುಳ್ಳಲ್ಲ ಎಂದು ನನಗೆ ಬಹಳ ಸಂತೋಷವಾಯಿತು. "ಮೂರು ತಿಂಗಳು ಬಗ್ಗಬಾರದು, ನೆಲದ ಮೇಲೆ ಕೂರಬಾರದು. ಗುಂಡು ಬಟ್ಟಲಿಂದ ಆಚೆ ಬಂದುಬಿಡುತ್ತೆ" ಎಂದು ಅವರು ಎಚ್ಚರಿಸಿದರು. ಉಸ್ತಾದರು ಹೂಂಗುಟ್ಟಿದರು.

ಐದನೇ ವಾರ ಒಂದು ಶನಿವಾರ, ಹನುಮಂತನ ಪೂಜೆ ನೋಡಿಕೊಂಡು ಬರುತ್ತೇನೆ, ಕುರ್ಚಿ ಬಿಟ್ಟು ಏಳುವುದಿಲ್ಲ ಎಂದು ಉಸ್ತಾದರು ಗರಡಿಗೆ ಹೊರಟರು. ಗರಡಿಯ ಬಾಗಿಲು ಎದೆಯೆತ್ತರ. ಎಂಥ ಪೈಲ್ವಾನನೂ ತಲೆ ತಗ್ಗಿಸಿಯೇ ಒಳಗೆ ಬರಲಿ ಎಂದು ಹಿರಿಯರು ಹಾಗೆ ಕಟ್ಟಿದ್ದಂತೆ. ಒಳಗೆ ಹೆಜ್ಜೆಯಿಡುವ ಮೊದಲು ಮಟ್ಟಿಯನ್ನು, ಅಂದರೆ ಅಲ್ಲಿನ ಕೆಮ್ಮಣ್ಣನ್ನು, ಮುಟ್ಟಿ ಹಣೆಗೆ ಒತ್ತಿಕೊಳ್ಳಬೇಕು. ಅರವತ್ತು ವರ್ಷದ ರೂಢಿ. ಡಾಕ್ಟರ ಮಾತು ನೆನಪಾಗುವ ಮೊದಲೇ ಮೈ ಬಗ್ಗಿತು, ಕೈ ಮಣ್ಣಿಗೆ ಹೋಯಿತು. ನನ್ನ ತಲೆ ಬಟ್ಟಲಿನಿಂದ ಕಳಚಿತು.

ಉಸ್ತಾದರು ಬಾಗಿಲಲ್ಲೇ ಕುಸಿದರು. ಅವರ ಶಿಷ್ಯ ಜವರಪ್ಪ, ಈಗ ಗರಡಿ ನಡೆಸುವವರು, ಹೊತ್ತುಕೊಂಡು ಆಸ್ಪತ್ರೆಗೆ ಓಡಿದರು. ಡಾಕ್ಟರ್ ಮದ್ದು ಕೊಟ್ಟು ಮಲಗಿಸಿ, ಕಾಲು ಎಳೆದು ಗುಂಡನ್ನು ಮತ್ತೆ ಕೂರಿಸಿದರು. ಮೂಳೆಯೊಳಗೆ ನಾನು ಒಂದಿಷ್ಟೂ ಸಡಿಲವಾಗಿರಲಿಲ್ಲ. ಆದರೆ ಬುಡ ಭದ್ರವಿದ್ದ ಮಾತ್ರಕ್ಕೆ ಸಾಲದು ಎಂದು ಅಂದು ತಿಳಿಯಿತು.

"ಇನ್ನೊಂದ್ಸಲ ಹೀಗಾದ್ರೆ ಮತ್ತೆ ಕೊಯ್ಯಬೇಕಾಗುತ್ತೆ. ಅದನ್ನ ನಿಮ್ಮ ಹೃದಯ ತಡೆಯುತ್ತೆ ಅನ್ನೋ ಧೈರ್ಯ ನನಗಿಲ್ಲ" ಎಂದರು ಡಾಕ್ಟರ್.

ಜವರಪ್ಪ ಬಾಗಿಲನ್ನು ಒಡೆದು ಎತ್ತರಿಸುತ್ತೇನೆಂದರು. ಉಸ್ತಾದರು ಒಪ್ಪಲಿಲ್ಲ. "ನನ್ ಒಬ್ಬನ ಸೊಂಟಕ್ಕೋಸ್ಕರ ಗರಡಿ ಬಾಗ್ಲು ಎತ್ರಿಸ್ತೀಯಾ? ಮಟ್ಟಿ ಮುಟ್ದೆ ಒಳಕ್ಕೆ ಬರಾನಲ್ಲ ನಾನು." ಅಂದಿನಿಂದ ಮಂಚ ಹಿಡಿದರು. ನಡಿಗೆ ನಿಂತಿತು, ಊಟ ಅರ್ಧವಾಯಿತು. ನನ್ನ ಸುತ್ತಲಿನ ಮಾಂಸಖಂಡ ದಿನದಿನಕ್ಕೆ ಸೊರಗುವುದು ನನಗೆ ಗೊತ್ತಾಗುತ್ತಿತ್ತು. ಹೀಗೇ ಬಿಟ್ಟರೆ ನನ್ನನ್ನು ಬಟ್ಟಲಲ್ಲಿ ಹಿಡಿದಿಡಲು ಶಕ್ತಿಯೇ ಉಳಿಯುವುದಿಲ್ಲ, ಉಸ್ತಾದರು ಮತ್ತೆ ಏಳುವುದೂ ಇಲ್ಲ. ನನಗೆ ನಿಜಕ್ಕೂ ಭಯವಾಯಿತು.

ಸಾಕಮ್ಮ ಒಬ್ಬರೇ ಡಾಕ್ಟರ ಹತ್ತಿರ ಹೋದರು. ಬಗ್ಗಲೇಬೇಕಾದರೆ ದಾರಿ ಇಲ್ಲವೇ ಎಂದು ಕೇಳಿ, ಕಲಿತು ಬಂದರು. ಮಂಚದ ಪಕ್ಕದಲ್ಲಿ ತಾವೇ ಮಾಡಿ ತೋರಿಸಿದರು. ಒಂದು ಕೈಯಲ್ಲಿ ಆಸರೆ, ಬಲಗಾಲು ಮುಂದೆ, ನೋವಿನ ಎಡಗಾಲು ನೇರವಾಗಿ ಹಿಂದಕ್ಕೆ, ಆಮೇಲೆ ಬಗ್ಗುವುದು. ಕಾಲು ಹಿಂದೆ ಚಾಚಿದ್ದರೆ ಸೊಂಟ ಮಡಿಚಿಕೊಳ್ಳುವುದಿಲ್ಲ, ಗುಂಡು ಕಳಚುವುದಿಲ್ಲ.

ಉಸ್ತಾದರು ಎದ್ದು ಕೂತರು. "ಇದು ನಾವು ಕುಸ್ತಿಗೆ ನಿಲ್ಲೋ ಥರ ಕಣೇ. ನೀ ಎಲ್ ಕಲ್ತೆ?"

"ನಿಮ್ ಗರಡಿಗೆ ಹೆಂಗುಸ್ರನ್ನ ಸೇರುಸ್ತೀರಾ? ಆಸ್ಪತ್ರೇಲಿ ಕಲ್ತೆ" ಎಂದರು ಸಾಕಮ್ಮ.

ಎರಡು ತಿಂಗಳು ಅಭ್ಯಾಸ ನಡೆಯಿತು. ಜವರಪ್ಪ ತಟ್ಟೆಯಲ್ಲಿ ಗರಡಿ ಮಣ್ಣು ತಂದುಕೊಟ್ಟಿದ್ದರು. ಅದನ್ನು ಮೊದಲು ಸ್ಟೂಲಿನ ಮೇಲೆ, ಆಮೇಲೆ ಮಣೆಯ ಮೇಲೆ, ಕೊನೆಗೆ ನೆಲದ ಮೇಲೆ ಇಟ್ಟರು. ಉಸ್ತಾದರು ತಪ್ಪು ಮಾಡಿದಾಗಲೆಲ್ಲ ಸಾಕಮ್ಮ ಪಕ್ಕದಲ್ಲಿ ನಿಂತು ಕಾಲು ಚಾಚಿ ತೋರಿಸುತ್ತಿದ್ದರು. "ಉಸ್ತಾದ್ ಈಗ ನೀನಾದೆ" ಎಂದು ಇವರು ಗೊಣಗುತ್ತಿದ್ದರು. ನನ್ನ ಸುತ್ತ ಮಾಂಸಖಂಡ ಮತ್ತೆ ಗಟ್ಟಿಯಾಯಿತು.

ಅಭ್ಯಾಸ ಮುಗಿದ ಮೇಲೆ ಒಂದು ಶನಿವಾರ ಉಸ್ತಾದರು ಗರಡಿಯ ಬಾಗಿಲಲ್ಲಿ ಚೌಕಟ್ಟು ಹಿಡಿದರು. ಬಲಗಾಲು ಒಳಗೆ, ನಾನಿದ್ದ ಎಡಗಾಲು ಹಿಂದೆ. ತಲೆ ತಗ್ಗಿತು, ಕೈ ಮಣ್ಣು ಮುಟ್ಟಿತು. ನನ್ನ ತಲೆ ಬಟ್ಟಲಲ್ಲೇ ಇತ್ತು. ಒಳಗೆ ಕಸರತ್ತು ಮಾಡುತ್ತಿದ್ದ ಹುಡುಗರ ಸದ್ದು ನಿಂತಿತ್ತು. ಉಸ್ತಾದರು ನೆಟ್ಟಗೆ ನಿಂತು, "ಏನ್ರೋ ನೋಡ್ತಿದ್ದೀರಿ? ಸಾಮು ಹೊಡೀರಿ" ಎಂದರು.

ಆಮೇಲೆ ಒಂಬತ್ತು ವರ್ಷ ನಾವಿಬ್ಬರೂ ನಡೆದೆವು. ಅವರು ತೀರಿಕೊಂಡ ಮೂರನೇ ದಿನ ಬೂದಿಯಲ್ಲಿ ನಾನು ಸಿಕ್ಕಿದೆ. ಮೈ ಕಪ್ಪಾಗಿತ್ತು, ಆದರೂ ಎಷ್ಟೋ ವರ್ಷದ ಮೇಲೆ ಬೆಳಕು ನೋಡಿದ್ದೆ. ಮೂಳೆಗಳ ಜೊತೆ ಹೊಳೆಗೆ ಬಿಡೋಣ ಎಂದರು ಯಾರೋ. ಸಾಕಮ್ಮ ಬಿಡಲಿಲ್ಲ, ಸೆರಗಿನಲ್ಲಿ ಸುತ್ತಿಕೊಂಡು, ಮಟ್ಟಿಯಲ್ಲಿ ಹೂಳಿಸಲೆಂದು ಗರಡಿಗೆ ತಂದರು. "ಮಟ್ಟಿಲಿ ಹೂತ್ರೆ ಯಾರ್ದಾದ್ರೂ ಬೆನ್ನಿಗೆ ಚುಚ್ಚುತ್ತೆ ತಾಯಿ" ಎಂದು ಜವರಪ್ಪ ನನ್ನನ್ನು ಗದೆಗಳ ಪಕ್ಕದ ಗೋಡೆಗೂಡಿನಲ್ಲಿಟ್ಟರು.

ಅಲ್ಲಿಂದಲೇ ನಾನು ಆ ಮಣ್ಣನ್ನು ಮೊದಲ ಸಲ ಕಣ್ಣಾರೆ ನೋಡಿದೆ. ಕೆಂಪಗಿದೆ, ಅಷ್ಟೆ. ಇದಕ್ಕಾಗಿ ಒಬ್ಬ ಮನುಷ್ಯ ಹಾಸಿಗೆ ಹಿಡಿದು, ಇದಕ್ಕಾಗಿಯೇ ಎದ್ದನಲ್ಲ ಎಂದು ಇಂದಿಗೂ ಯೋಚಿಸುತ್ತೇನೆ.

ಸಾಕಮ್ಮ ಆ ದಿನ ಹೊಸ್ತಿಲಾಚೆಯೇ ನಿಂತಿದ್ದರು. ಹೊರಡುವ ಮುಂಚೆ ಚೌಕಟ್ಟು ಹಿಡಿದು, ಬಲಗಾಲು ಮುಂದಿಟ್ಟು, ಎಡಗಾಲನ್ನು ನೇರವಾಗಿ ಹಿಂದಕ್ಕೆ ಚಾಚಿ ಬಗ್ಗಿದರು. ಕೈ ಒಳಗೆ ನೀಡಿ ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಂಡರು. ಅವರ ಸೊಂಟಕ್ಕೆ ಏನೂ ಆಗಿರಲಿಲ್ಲ.