ಬೋರ್ಡ್ ಪೇಂಟರ್ ಮಗಳು ಮೈಕ್ ಹಿಡಿದ ದಿನ

ಬೋರ್ಡ್ ಪೇಂಟರ್ ಮನೆಯಲ್ಲಿ ಸಂಜೆಯಾಯಿತೆಂದರೆ ಸಾಕು, ಜಗಳ. ಜಗಳಕ್ಕೆ ಕಾರಣ ಒಂದೇ: ಉಕ್ತಲೇಖನ.

"ಬರಿ. ಅಜ್ಜಿಗೆ ಸರ ಬೇಕು," ಅಪ್ಪ ಹೇಳಿದ.

ನಾಲ್ಕನೇ ಕ್ಲಾಸಿನ ಮಗಳು ನಾಲಿಗೆ ಕಚ್ಚಿಕೊಂಡು, ಪೆನ್ಸಿಲ್ ಒತ್ತಿ ಒತ್ತಿ ಬರೆದಳು. ಅಪ್ಪ ಬಗ್ಗಿ ನೋಡಿದ. 'ಅಜಿಗೆ ರಸ ಬೇಕು' ಎಂದಿತ್ತು.

"ಅಜ್ಜಿ ಕೇಳಿದ್ದು ಸರ ಕಣೇ, ನೀನು ಲೋಟ ಹಿಡ್ಕೊಂಡು ನಿಂತಿದೀಯಲ್ಲ!" ಎಂದು ಅಮ್ಮ ನಕ್ಕುಬಿಟ್ಟಳು.

ಅಪ್ಪನಿಗೆ ನಗು ಬರಲಿಲ್ಲ. ಹೇಗೆ ಬಂದೀತು? ಪೇಟೆಬೀದಿಯ ಅರ್ಧ ಅಂಗಡಿಗಳ ಬೋರ್ಡು ಬರೆದವನು ಅವನು. ಮಗಳೋ ಮಾತಿಗೆ ನಿಂತರೆ ಅರಳು ಹುರಿದ ಹಾಗೆ. ಅದಕ್ಕೇ ಎಲ್ಲರೂ ಅವಳನ್ನು ಗಿಣಿ ಎಂದೇ ಕರೆಯುತ್ತಿದ್ದರು. ಒಮ್ಮೆ ಕೇಳಿದ ಕಥೆಯನ್ನು ದನಿ ಬದಲಿಸಿ, ಮೂಗು ಸೊಟ್ಟ ಮಾಡಿ ಹೇಳಿ ಬೀದಿಯವರನ್ನೆಲ್ಲ ನಗಿಸುತ್ತಿದ್ದಳು. ಪುಸ್ತಕ ಬಿಚ್ಚಿದರೆ ಮಾತ್ರ ಬಾಯಿ ಬಂದ್. ದೀಪದ ಬುಡದಲ್ಲೇ ಕತ್ತಲೆ ಎಂದು ಜನ ಆಡಿಕೊಳ್ಳುತ್ತಿದ್ದಾರೆ ಎಂದು ಪೇಂಟರಿಗೆ ಒಳಗೊಳಗೇ ಸಂಕಟ.

"ಸೋಮಾರಿತನ, ಭಾವ. ಎರಡು ಬಿಗಿದ್ರೆ ತಾನಾಗೇ ಬರುತ್ತೆ," ಎನ್ನುತ್ತಿದ್ದ ಪಕ್ಕದಲ್ಲೇ ಪಂಕ್ಚರ್ ಅಂಗಡಿ ಇಟ್ಟಿದ್ದ ಅವನ ಹೆಂಡತಿಯ ತಮ್ಮ.

ಟ್ಯೂಷನ್ ಆಯಿತು, ಟಾನಿಕ್ ಆಯಿತು, ಬೈಗುಳವೂ ಆಯಿತು. ಅಕ್ಷರ ಬರಲಿಲ್ಲ. ಸ್ಕೂಲಿಗೆ ಹೊರಡುವ ಹೊತ್ತಿಗೆ ಸರಿಯಾಗಿ ಗಿಣಿಗೆ ಹೊಟ್ಟೆನೋವು ಬರತೊಡಗಿತು, ಅಷ್ಟೇ.

ಹೀಗಿರುವಾಗ ಒಂದು ಸಂಜೆ ಗಿಣಿ ಬ್ಯಾಗನ್ನು ಬಾಗಿಲಲ್ಲೇ ಎಸೆದು ಓಡಿ ಬಂದಳು.

"ಅಪ್ಪಾ, ನಮ್ಮ ಸ್ಕೂಲಿಗೆ ಮರಳು ಟೀಚರ್ ಬಂದಿದಾರೆ! ನಿಮ್ಮಿಬ್ಬರನ್ನೂ ಕರೆದಿದಾರೆ!"

"ಮರುಳು ಟೀಚರಾ? ಇದೊಂದು ಬಾಕಿ ಇತ್ತು ನೋಡಿ, ಭಾವ," ಎಂದ ಪಂಕ್ಚರ್ ಅಂಗಡಿಯವನು.

"ಮರುಳಲ್ಲ ಮಾವ, ಮರಳು! ತಟ್ಟೇಲಿ ಮರಳು ಹಾಕಿ ಬೆರಳಲ್ಲಿ ಬರೆಸ್ತಾರೆ. ಎಷ್ಟು ಮಜಾ ಗೊತ್ತಾ?"

ಮರುದಿನ ಗಂಡ ಹೆಂಡತಿ ಇಬ್ಬರೂ ಹೋದರು. ಮೂಲೆಯ ಸಣ್ಣ ಕೋಣೆ. ನೆಲದ ಮೇಲೆ ಸಾಲಾಗಿಟ್ಟ ಮರಳಿನ ತಟ್ಟೆಗಳು, ಮೇಜಿನ ಮೇಲೆ ಜೇಡಿಮಣ್ಣಿನಲ್ಲಿ ಮಾಡಿದ ಅಕ್ಷರಗಳು. ಟೀಚರ್ ಮಕ್ಕಳ ಕುರ್ಚಿಯನ್ನೇ ಎಳೆದುಕೊಂಡು ಎದುರು ಕೂತರು.

"ಅಣ್ಣಾ, ನಿಮ್ಮ ಮಗಳು ದಡ್ಡಿ ಅಲ್ಲ, ಸೋಮಾರಿನೂ ಅಲ್ಲ. ಮೊದಲು ಕಣ್ಣು, ಕಿವಿ ತೋರಿಸೋಣ. ಆಮೇಲೆ ತಜ್ಞರ ಹತ್ರ ಒಂದು ಪರೀಕ್ಷೆ. ನನಗೆ ಕಾಣೋ ಪ್ರಕಾರ ಇದು ಕಲಿಕಾ ನ್ಯೂನತೆ."

"ನ್ಯೂನತೆನಾ? ಅಂದ್ರೆ ಬುದ್ಧಿ ಕಮ್ಮಿ ಅಂತಲಾ?"

"ಖಂಡಿತ ಇಲ್ಲ! ಬುದ್ಧಿ ಚುರುಕಾಗೇ ಇದೆ. ಅಕ್ಷರನ ಅದರ ಸದ್ದಿಗೆ ಜೋಡಿಸೋ ಕೆಲಸ ಮಾತ್ರ ಅವಳಿಗೆ ಕಷ್ಟ."

"ಟಾನಿಕ್ ಕುಡಿಸಿದೀವಿ, ಮೇಡಂ."

"ಇದು ಟಾನಿಕ್ಕಿಗೆ ಹೋಗೋ ಕಾಯಿಲೆ ಅಲ್ಲ. ಕಾಯಿಲೆನೇ ಅಲ್ಲ. ಏಟಿಗಂತೂ ಬಗ್ಗೋದೇ ಇಲ್ಲ."

ಇಷ್ಟು ಹೊತ್ತು ಸುಮ್ಮನಿದ್ದ ಅಮ್ಮ ಸೆರಗು ಹಿಂಡುತ್ತ ಕೇಳಿದಳು. "ಬಸುರಿದ್ದಾಗ ನಾನೇನಾದ್ರೂ ತಪ್ಪು ಮಾಡಿದ್ನಾ, ಮೇಡಂ?"

"ಯಾರ ತಪ್ಪೂ ಅಲ್ಲ, ಅಕ್ಕ. ಆ ಭಾರ ಇವತ್ತೇ ಇಳಿಸಿಬಿಡಿ."

ಅಮ್ಮನ ಕಣ್ಣು ತುಂಬಿತು. ಪೇಂಟರಿಗೆ ಮಾತ್ರ ಇನ್ನೂ ಅನುಮಾನ. "ಎಲ್ಲಾ ಸರಿ, ಮೇಡಂ. ಮರಳಲ್ಲಿ ಗೀಚಿದ್ರೆ ಓದು ಬರುತ್ತಾ?"

"ನೀವು ಬೋರ್ಡಿನ ಮೇಲೆ ಅಷ್ಟು ದೊಡ್ಡ ಅಕ್ಷರ ಹೇಗೆ ಬರೀತೀರಿ?"

"ಬರೀ ಬೆರಳಲ್ಲಿ ಬರೆದ್ರೆ ಸೊಟ್ಟ ಆಗುತ್ತೆ. ಭುಜದಿಂದ ಕೈ ಬೀಸ್ಬೇಕು. ಹಾಗೆ ಬೀಸಿ ಬೀಸಿ ಅಕ್ಷರ ಕೈಗೇ ಗೊತ್ತಾಗಿಬಿಡುತ್ತೆ."

"ನಾನು ಮಾಡೋದೂ ಅದೇ!" ಟೀಚರ್ ಮೇಜು ಕುಟ್ಟಿದರು. "ಗಿಣಿಗೆ ಕಣ್ಣೊಂದೇ ಸಾಲದು. ಕೈ ಮುಟ್ಟಬೇಕು, ಬಾಯಿ ಹೇಳಬೇಕು, ಕಿವಿ ಕೇಳಬೇಕು. ಸ್ವಲ್ಪ ನಿಧಾನ ಆಗುತ್ತೆ. ಆದ್ರೆ ಬರುತ್ತೆ."

ತಜ್ಞರ ಪರೀಕ್ಷೆಯಾಯಿತು. ಟೀಚರ್ ಹೇಳಿದ್ದು ನಿಜವಾಗಿತ್ತು. ಅಂದಿನಿಂದ ಮನೆಯ ಉಕ್ತಲೇಖನ ನಿಂತಿತು. ಪೇಂಟರ್ ಉಳಿದ ಪ್ಲೈವುಡ್ ಚೂರುಗಳಲ್ಲಿ ಅಂಗೈಯಗಲದ ಅಕ್ಷರಗಳನ್ನು ಕೊಯ್ದು, ಮೇಲೆ ಒರಟು ಉಪ್ಪುಕಾಗದ ಅಂಟಿಸಿ ಕೊಟ್ಟ. ಗಿಣಿ ಬೆರಳಾಡಿಸುತ್ತ, ಜೋರಾಗಿ ಹೇಳುತ್ತ ಅವನ್ನು ಜೋಡಿಸುತ್ತಿದ್ದಳು. ಕ್ಲಾಸ್ ಟೀಚರೂ ಕೈಜೋಡಿಸಿದರು: ಪ್ರಶ್ನೆಗಳನ್ನು ತಾವೇ ಓದಿ ಹೇಳಿದರು, ಬರೆಯಲು ಹೆಚ್ಚು ಹೊತ್ತು ಕೊಟ್ಟರು. ಕೆಲವು ದಿನ ಕಲಿತದ್ದು ಮರುದಿನ ಮರೆತುಹೋಗುತ್ತಿತ್ತು. ಆಗ ಅಪ್ಪನಿಗೆ ಸಿಟ್ಟು ಮೂಗಿನ ತುದಿಗೆ ಬರುತ್ತಿತ್ತು. ನುಂಗಿಕೊಳ್ಳುತ್ತಿದ್ದ.

ತಿಂಗಳುಗಳು ಕಳೆದವು. ಒಂದು ಬೆಳಿಗ್ಗೆ ಮಗಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದಾಗ ಬೆನ್ನಿಗೆ ಗುದ್ದು ಬಿತ್ತು.

"ಅಪ್ಪಾ, ನಿಲ್ಸು! ನಿಲ್ಸು!"

ಪೇಂಟರ್ ಗಕ್ಕನೆ ಬ್ರೇಕ್ ಹಾಕಿದ. ಹಿಂದಿನ ವ್ಯಾನಿನವನು ಹಾರ್ನ್ ಹೊಡೆದು ಬೈದ. ಗಿಣಿ ಎದುರಿನ ಅಂಗಡಿಯ ಬೋರ್ಡಿಗೆ ಬೆರಳು ಚಾಚಿದ್ದಳು.

"ಹಗ್... ಗ. ಹಗ್ಗ! ಬಣ್... ಣ. ಬಣ್ಣ! ಮೊ... ಮೊಳೆ! ಅಪ್ಪಾ, ಇದು ನೀನು ಬರೆದಿದ್ದಲ್ವಾ? ನಾನು ಓದ್ದೆ!"

ಎಷ್ಟೋ ವರ್ಷದ ಹಿಂದೆ ತಾನೇ ಬರೆದ ಆ ಮೂರು ಪದಗಳನ್ನು ಅವನು ಹೊಸದಾಗಿ ನೋಡುವಂತೆ ನೋಡಿದ. ಆಮೇಲೆ ಸ್ಕೂಟರ್ ತಿರುಗಿಸಿ ಪೇಟೆಬೀದಿಗೆ ಇನ್ನೊಂದು ಸುತ್ತು ಹಾಕಿದ. ಅಂದು ಗಿಣಿ ಸ್ಕೂಲಿಗೆ ತಡ. ಯಾರೂ ಬೈಯಲಿಲ್ಲ.

ವರ್ಷದ ಕೊನೆಗೆ ಹೆಡ್‌ಮೇಡಂ ಪೇಂಟರನ್ನು ಕರೆಸಿ ಶಾಲೆಯ ಸಮಾರಂಭದ ವೇದಿಕೆಗೆ ಒಂದು ಬೋರ್ಡ್ ಬೇಕೆಂದರು. ಬರೆಯಬೇಕಾದ ಮಾತು: 'ಕಲಿಕಾ ನ್ಯೂನತೆ ಇರುವ ನಮ್ಮ ಮಕ್ಕಳಿಗೆ, ಅವರ ಕೈಹಿಡಿದ ಶಿಕ್ಷಕರಿಗೆ ಸನ್ಮಾನ'. ಸನ್ಮಾನ ಪಡೆಯುವವರಲ್ಲಿ ಗಿಣಿಯೂ ಇದ್ದಳು. ವೇದಿಕೆಯ ಮೇಲೆ ನಾಲ್ಕು ಸಾಲು ಓದುವ ಕೆಲಸವೂ ಅವಳದೇ.

ಮನೆಯಲ್ಲಿ ಬೋರ್ಡ್ ಬರೆಯುತ್ತಿದ್ದವನ ಕುಂಚ 'ಕಲಿಕಾ' ಮುಗಿಸಿ ನಿಂತುಬಿಟ್ಟಿತು.

"ಊರಿಗೆಲ್ಲ ಡಂಗುರ ಹೊಡೆದಂಗಾಯ್ತು, ಭಾವ," ಎಂದ ಪಂಕ್ಚರ್ ಅಂಗಡಿಯವನು. "ನಾಳೆ ಎಲ್ಲರೂ ಬೆರಳು ಮಾಡಿ ತೋರಿಸ್ತಾರೆ."

"ಹೌದು ಕಣೋ. ಗಿಣಿ ಆವತ್ತು ಮನೇಲೇ ಇರ್ಲಿ," ಎಂದ ಪೇಂಟರ್.

ಗಿಣಿ ಸೊಂಟದ ಮೇಲೆ ಕೈಯಿಟ್ಟು ಎದುರು ನಿಂತಳು. "ಯಾಕಪ್ಪಾ? ಮಾವ ಕನ್ನಡಕ ಹಾಕ್ಕೊಂಡು ಓಡಾಡಲ್ವಾ? ಅವರೇನು ಮನೇಲಿ ಬಚ್ಚಿಟ್ಕೋತಾರಾ?"

ಮಾವ ಕನ್ನಡಕ ಸರಿಮಾಡಿಕೊಂಡ.

"ನಾನೊಬ್ಬಳೇ ದಡ್ಡಿ ಅಂದ್ಕೊಂಡಿದ್ದೆ," ಗಿಣಿಯ ದನಿ ಸಣ್ಣಗಾಯಿತು. "ಇದಕ್ಕೊಂದು ಹೆಸರಿದೆ, ನನ್ನ ಥರದೋರು ಇನ್ನೂ ಇದಾರೆ ಅಂತ ಗೊತ್ತಾಯ್ತಲ್ಲ, ಆಮೇಲೆ ನಂಗೆ ಹೊಟ್ಟೆನೋವು ಬರ್ಲೇ ಇಲ್ಲ."

ಪೇಂಟರ್ ಮಗಳ ಮುಖವನ್ನೇ ನೋಡಿದ. ಕುಂಚವನ್ನು ಬಣ್ಣದಲ್ಲಿ ಅದ್ದಿದ. 'ನ್ಯೂನತೆ' ಎಂಬ ಪದವನ್ನು ಉಳಿದವುಗಳಷ್ಟೇ ದೊಡ್ಡದಾಗಿ, ಅಷ್ಟೇ ಚಂದವಾಗಿ ಬರೆದ.

ಸಮಾರಂಭದ ದಿನ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಗಿಣಿ ಮೈಕ್ ಹಿಡಿದು ಶುರುಮಾಡಿದಳು. ಮೊದಲ ಸಾಲು ದಾಟಿತು. ಎರಡು, ಮೂರು... ನಾಲ್ಕನೆಯ ಸಾಲಿನಲ್ಲಿ ಸಿಕ್ಕಿಕೊಂಡಳು.

"ನಮ್ಮ ಶಿಕ್ಷಕರಿಗೆ ನಮ್ಮ ಕೃ... ಕೃತ..."

ಹಿಂದೆ ಯಾರೋ ಕಿಸಕ್ಕೆಂದರು. ಪೇಂಟರ್ ಕುರ್ಚಿಯಿಂದ ಅರ್ಧ ಎದ್ದ. ಪದ ಅವನ ನಾಲಿಗೆಯ ತುದಿಯಲ್ಲಿತ್ತು. ವೇದಿಕೆಯ ಪಕ್ಕದಿಂದ ಮರಳು ಟೀಚರ್ ಕೈಯೆತ್ತಿ ಸನ್ನೆ ಮಾಡಿದರು: ಬೇಡ, ತಡೀರಿ, ಅವಳಿಗೆ ಸಮಯ ಕೊಡಿ.

ಗಿಣಿ ಕಣ್ಣು ಮುಚ್ಚಿದಳು. ಬೆರಳು ಗಾಳಿಯಲ್ಲಿ ಅಕ್ಷರ ಬರೆಯಿತು.

"ಕೃ... ತ... ಜ್ಞ... ತೆ. ಕೃತಜ್ಞತೆ! ನಮ್ಮ ಶಿಕ್ಷಕರಿಗೆ ನಮ್ಮ ಕೃತಜ್ಞತೆ!" ಆಮೇಲೆ ಮೈಕಿಗೇ ಹೇಳಿದಳು: "ಇದನ್ನ ಬರೆದೋರು ಸ್ವಲ್ಪ ಸುಲಭದ ಪದ ಹಾಕ್ಬಹುದಿತ್ತಪ್ಪ!"

ಸಭಾಂಗಣ ಚಪ್ಪಾಳೆ, ನಗುವಿನಲ್ಲಿ ಮುಳುಗಿಹೋಯಿತು. ಆ ಸಾಲು ಬರೆದಿದ್ದ ಹೆಡ್‌ಮೇಡಂ ಎಲ್ಲರಿಗಿಂತ ಜೋರಾಗಿ ನಕ್ಕರು. ಮಕ್ಕಳೆಲ್ಲ ಸೇರಿ ಮರಳು ಟೀಚರನ್ನೂ ಕ್ಲಾಸ್ ಟೀಚರನ್ನೂ ಕೈಹಿಡಿದು ವೇದಿಕೆಗೆ ಎಳೆತಂದರು. ಪೇಂಟರ್ ಅಳುತ್ತಿದ್ದನೋ ನಗುತ್ತಿದ್ದನೋ ಅವನಿಗೇ ತಿಳಿಯದು. ಅಮ್ಮ ಮಾತ್ರ ಸಿಕ್ಕಸಿಕ್ಕವರಿಗೆಲ್ಲ, "ನಮ್ಮ ಮಗಳು, ನಮ್ಮ ಮಗಳು," ಎನ್ನುತ್ತಿದ್ದಳು.

ಜನ ಕರಗಿದ ಮೇಲೆ ಪಂಕ್ಚರ್ ಅಂಗಡಿಯವನು ಮೆಲ್ಲಗೆ ಟೀಚರ್ ಹತ್ತಿರ ಬಂದ.

"ಮೇಡಂ... ನಮ್ಮ ಹುಡುಗನೂ ಓದೋಕೆ ಕೂತ್ರೆ ಹಿಂಗೇ ಒದ್ದಾಡ್ತಾನೆ. ನಾನು... ಹೊಡೀತಿದ್ದೆ."

"ಇನ್ಮೇಲೆ ಹೊಡೀಬೇಡಿ. ನಾಳೆನೇ ಕರ್ಕೊಂಡ್ಬನ್ನಿ, ಅಣ್ಣಾ. ನೋಡೋಣ," ಎಂದರು ಟೀಚರ್.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಮಾತಿನಲ್ಲಿ ಚುರುಕಾಗಿದ್ದು ಓದು, ಬರಹ ಅಥವಾ ಲೆಕ್ಕದಲ್ಲಿ ಮಾತ್ರ ಮತ್ತೆ ಮತ್ತೆ ಎಡವುವ ಮಗುವಿದೆಯೇ? ದಡ್ಡ ಎನ್ನಬೇಡಿ. ಕೈಯೆತ್ತಬೇಡಿ. ಶಾಲೆಯಲ್ಲಿ ಮಾತಾಡಿ, ಕಣ್ಣು ಕಿವಿ ತೋರಿಸಿ, ತಜ್ಞರಿಂದ ಪರೀಕ್ಷೆ ಮಾಡಿಸಿ. ಶಾಲೆಯ ಪರೀಕ್ಷೆಗಳಲ್ಲಿ ಹೆಚ್ಚು ಸಮಯ, ಪ್ರಶ್ನೆ ಓದಿ ಹೇಳುವ ಸಹಾಯ ಸಿಗುತ್ತದೆಯೇ ಎಂದು ಧೈರ್ಯವಾಗಿ ಕೇಳಿ. ಆ ಮಕ್ಕಳ ಜೊತೆ ನೆಲದ ಮೇಲೆ ಕೂತು, ಒಂದೇ ಅಕ್ಷರವನ್ನು ಬೇಸರವಿಲ್ಲದೆ ಹತ್ತಾರು ಬಗೆಯಲ್ಲಿ ಕಲಿಸುವ ಟೀಚರ್ ನಿಮ್ಮ ಶಾಲೆಯಲ್ಲಿದ್ದರೆ, ವೇದಿಕೆ ಕಟ್ಟುವವರೆಗೂ ಕಾಯಬೇಡಿ. ಇವತ್ತೇ ಹೋಗಿ ಅವರಿಗೆ ಒಂದು ಒಳ್ಳೆಯ ಮಾತು ಹೇಳಿ ಬನ್ನಿ.