ಝಟಕಾ ತಂತಿ ಮತ್ತು ಕುಸುಮಳ ದನಿ

ಬೇಲಿಯ ತಂತಿಗೆ ಕರೆಂಟಿನ ಹೊಡೆತ ಕೊಡುವ ಝಟಕಾ ಮಷೀನಿಗೆ ಏಳು ಸಾವಿರ, ಬ್ಯಾಟರಿಗೆ ಎರಡು, ತಂತಿಗೆ ಮೂರು. ತಂತಿ ಕಂಬಕ್ಕೆ ತಾಗದಂತೆ ಹಾಕುವ ಪ್ಲಾಸ್ಟಿಕ್ ಇನ್ಸುಲೇಟರ್‌ಗೆ ಇನ್ನೂ ಒಂದೂವರೆ ಸಾವಿರ ಎಂದಾಗ ರಾಚಯ್ಯ ಅದೊಂದನ್ನು ಬಿಟ್ಟು ಉಳಿದದ್ದನ್ನು ಹೊತ್ತು ಉಮರ್ಗಾದ ಅಂಗಡಿಯಿಂದ ಎದ್ದೇ ಬಂದಿದ್ದ. ಪಂಕ್ಚರ್ ಅಂಗಡಿಯಲ್ಲಿ ಅರವತ್ತು ರೂಪಾಯಿಗೆ ಹಳೆಯ ಸೈಕಲ್ ಟ್ಯೂಬು ಕೊಂಡು, ತುಂಡು ಮಾಡಿ, ಕಬ್ಬಿಣದ ಕಂಬಗಳಿಗೆ ಸುತ್ತಿ, ಅದರ ಮೇಲೆ ತಂತಿ ಬಿಗಿದ. ಅಂದಿನಿಂದ ಯೆಣೆಗೂರಿನ ಅವನ ಹೊಲದ ಜೋಳಕ್ಕೆ ಕಾಡುಹಂದಿ ಬಾಯಿ ಹಾಕಿರಲಿಲ್ಲ. ಹೊಲದ ಮನೆಯ ರೇಡಿಯೋ ಮಾತ್ರ ಕೆಟ್ಟಿತ್ತು. ಕಲಬುರಗಿ ಸ್ಟೇಷನ್ ಹಚ್ಚಿದರೆ ಮಷೀನಿನ ಹೊಡೆತಕ್ಕೆ ಸೆಕೆಂಡಿಗೊಮ್ಮೆ ಚಟ್, ಚಟ್.

ಅವನ ಹೆಂಡತಿ ಕಸ್ತೂರಬಾಯಿ ಇಷ್ಟು ದಿನ ಸಹಿಸಿಕೊಂಡಿದ್ದಳು. ಇಂದು ಆಗಲಿಲ್ಲ. ಆಳಂದದಲ್ಲಿರುವ ತಂಗಿ ಕುಸುಮಬಾಯಿ ಸಂಜೆಯ ರೈತರ ಕಾರ್ಯಕ್ರಮದಲ್ಲಿ ತೊಗರಿ ಬೀಜ ಕಾಯ್ದಿಡುವ ಬಗ್ಗೆ ಮಾತಾಡುವವಳಿದ್ದಳು. ತವರಿನ ಎಮ್ಮೆ ಯಾರಿಗೆಂಬ ಜಗಳದಲ್ಲಿ ಅಕ್ಕತಂಗಿಯರು ಮಾತು ಬಿಟ್ಟು ಮೂರು ವರ್ಷವಾಗಿತ್ತು. ರೆಕಾರ್ಡಿಂಗಿನಲ್ಲಿ ಅವ್ವ ನಿಮ್ಮ ಹೆಸರೂ ತೆಗೆದಾಳೆಂದು ಕುಸುಮಳ ಮಗ ಪಂಕಜ ಬೆಳಗ್ಗೆ ಫೋನು ಮಾಡಿದ್ದ. ಹೊಗಳಿಯೋ ತೆಗಳಿಯೋ ಹೇಳಿರಲಿಲ್ಲ. ಮೊಬೈಲಿನಲ್ಲಿ ಕೇಳೋಣವೆಂದರೆ ಅಲ್ಲಿ ನೆಟ್ ನಿಲ್ಲದು.

ಕಾರ್ಯಕ್ರಮ ಶುರುವಾಯಿತು. ದನಿ ಕುಸುಮಳದೇ, ಆದರೆ ಒಂದು ಮಾತೂ ಇಡಿಯಾಗಿ ಬರಲಿಲ್ಲ. ರೇಡಿಯೋ ಅತ್ತಿತ್ತ ತಿರುಗಿಸಿದರೆ ಚಟ್ ಸಣ್ಣದಾಯಿತು, ದನಿಯೂ ಸಣ್ಣದಾಯಿತು. ಬಾಗಿಲಲ್ಲಿ ನಿಂತಳು, ಅಂಗಳಕ್ಕಿಳಿದಳು, ಮತ್ತೆ ಒಳಗೆ ಬಂದಳು. ಮಷೀನು ನಿಲ್ಲಿಸಲು ರಾಚಯ್ಯ ಒಪ್ಪಲಿಲ್ಲ. ಹೊತ್ತು ಮುಳುಗುವಾಗಲೇ ಹಂದಿಗಳು ಹಳ್ಳದ ಪೊದೆಯಲ್ಲಿ ಕಾದಿರುತ್ತವೆ ಎಂದ.

ಅವಳು ರೇಡಿಯೋ ಕಿವಿಗೆ ಹಿಡಿದು ತಂತಿಯ ಗುಂಟ ಬಿರಬಿರನೆ ನಡೆದಳು. ಒಂದು ಕಂಬದ ಬಳಿ ಸದ್ದು ಕಿವಿ ಹರಿಯುವಷ್ಟಾಯಿತು. ಬಾಗಿ ನೋಡಿದಳು. ಟ್ಯೂಬು ಸೀಳಿ, ತಂತಿಯಿಂದ ಕಂಬಕ್ಕೆ ನೀಲಿ ಕಿಡಿ ಹಾರುತ್ತಿತ್ತು.

“ಇಲ್ಲಿ ಬರ್ರಿ. ನಿಮ್ಮ ಅರವತ್ತು ರೂಪಾಯಿ ಉರ್ಯಾಕತ್ತಾವ.”

ಹೀಗೆ ಸೋರಿದರೆ ಮುಂದಿನ ತಂತಿಗೆ ಝಟಕಾ ಉಳಿಯದೆಂದು ರಾಚಯ್ಯನಿಗೂ ಗೊತ್ತಿತ್ತು. ಮಷೀನು ನಿಲ್ಲಿಸಿ, ನೀರಿನ ಬಾಟಲಿ ಕತ್ತರಿಸಿ ತಂದು ಕಂಬಕ್ಕೆ ಸುತ್ತತೊಡಗಿದ. ರೇಡಿಯೋ ತಿಳಿಯಾಯಿತು.

“ಬೀಜಕ್ಕ ಬೂದಿ ಹಚ್ಚೂದು ನಮ್ಮಕ್ಕ ಕಸ್ತೂರಬಾಯಿ ಕಲಿಸಿದ್ದರೀ,” ಕುಸುಮ ಹೇಳುತ್ತಿದ್ದಳು. “ಖರೇ ಆಕಿ ಬೂದಿ ಭಾಳ ಹಾಕ್ತಾಳ. ನಾ ಅರ್ಧಾ ಮಾಡೀನಿ.”

“ಅರ್ಧಾ ಮಾಡ್ಯಾಳಂತ,” ಎಂದಳು ಕಸ್ತೂರಬಾಯಿ, ರೇಡಿಯೋವನ್ನು ಇನ್ನಷ್ಟು ಬಿಗಿಯಾಗಿ ಹಿಡಿದು.

ರಾಚಯ್ಯ ಅವಳ ಮುಖ ನೋಡಿದ. ಬಿಗಿದ ಗಂಟನ್ನು ಬಿಚ್ಚಿ ಮತ್ತೆ ಹಾಕತೊಡಗಿದ.

“ಗಂಟ ಸಡ್ಲ ಅದ. ನೀ ಕೇಳು.”

ಕಾರ್ಯಕ್ರಮ ಮುಗಿದ ಮೇಲೆಯೇ ಅವನು ಮಷೀನು ಹಚ್ಚಿದ್ದು. ಅಷ್ಟರಲ್ಲಿ ಅವಳು ಬದುವಿನ ಮೇಲೆ ನಿಂತು ಆಳಂದಕ್ಕೆ ಫೋನು ಮಾಡಿದ್ದಳು.

“ಏ ಕುಸುಮಿ, ಮಳಿಗಾಲದಾಗ ಅರ್ಧಾ ಬೂದಿ ಸಾಲಂಗಿಲ್ಲ.”

ಮಷೀನು ನಿಂತಿದ್ದ ಹೊತ್ತಿನಲ್ಲಿ ಹಂದಿಗಳು ನುಗ್ಗಿ ಹಳ್ಳದ ಕಡೆಯ ಎರಡು ಸಾಲು ಜೋಳ ತಿಂದು ತುಳಿದಿದ್ದವು. ಅಕ್ಕತಂಗಿಯರಿಗೆ ಮಾತು ಮತ್ತೆ ಕೂಡಿತು.