ಪೂರಾ ರಿಂಗು

ಸಾವಾದ ಮನೆಯ ಮಾತನ್ನು ಹೊರಗಿನವರು ಆಡಬಾರದು ಅನ್ನುತ್ತಾರೆ. ಆಡಲು ಹೊರಟಿರುವುದಕ್ಕೆ ಮೊದಲೇ ಕ್ಷಮೆ ಇರಲಿ. ಇದರಲ್ಲಿ ಯಾರ ಮೇಲಾದರೂ ತಪ್ಪು ಹೊರಿಸಿದಂತೆ ಕಂಡರೆ ಅದು ಹೇಳಿದವರಿಗೆ ಹೇಳಲು ಬಾರದ್ದರಿಂದ. ನಾಗರತ್ನಾಳನ್ನಾಗಲಿ ಅವಳ ತಮ್ಮ ಪರಸಪ್ಪನನ್ನಾಗಲಿ ಹಳಿಯಲು ಈ ಕಥೆ ಬರೆದದ್ದಲ್ಲ.

ನಾಗರತ್ನಾ ಮೇಲವಂಕಿಯ ಕುರಿಗಾರರ ಮನೆಯ ಮಗಳು. ಗೋಕಾಕದಲ್ಲಿ ನರ್ಸಿಂಗ್ ಕಲಿತು, ಡ್ರೈವರ್ ಕೆಲಸದ ಗಂಡ ಉಮೇಶನ ಜೊತೆ ಮಸ್ಕತ್ತಿಗೆ ಹೋಗಿ, ಅಲ್ಲಿನ ಆಸ್ಪತ್ರೆಯೊಂದರಲ್ಲಿ ದುಡಿಯುತ್ತಿದ್ದಳು. ಅವಳ ತಮ್ಮ ಪರಸಪ್ಪ ಕುರಿ ಹಿಂಡಿನ ಜೊತೆ ಊರೂರು ತಿರುಗುವವನು. ಸುಗ್ಗಿ ಮುಗಿದ ಹೊಲಗಳಲ್ಲಿ ಗೊಬ್ಬರಕ್ಕಾಗಿ ರೈತರು ಕುರಿ ನಿಲ್ಲಿಸಿಕೊಳ್ಳುತ್ತಾರೆ. ಹಾಗೆ ಹುಕ್ಕೇರಿಯ ಕಡೆ ಒಂದಿಷ್ಟು ದಿನ, ಸಂಕೇಶ್ವರದ ಕಡೆ ಒಂದಿಷ್ಟು ದಿನ. ಅವನ ಹೆಂಡತಿ ಕಾಶೆವ್ವ ಜೊತೆಗಿರುತ್ತಿದ್ದಳು. ಅವ್ವ ಶೆಟ್ಟೆವ್ವನೂ ಇರುತ್ತಿದ್ದಳು. ಮನೆಯಲ್ಲಿ ಕೂಡು ಎಂದರೆ ಅವಳು ಕೂಡುತ್ತಿರಲಿಲ್ಲ. ಮರಿಗಳ ವಾಸನೆ ಇಲ್ಲದಿದ್ದರೆ ತನಗೆ ನಿದ್ದೆ ಹತ್ತುವುದಿಲ್ಲ ಅನ್ನುತ್ತಿದ್ದಳು.

ಪರಸಪ್ಪನಿಗೆ ಓದಲು ಬರುತ್ತಿರಲಿಲ್ಲ. ಅಕ್ಕನ ನಂಬರು ಅವನ ಹೆಬ್ಬೆರಳಿಗೆ ಗೊತ್ತಿತ್ತು. ಗುಂಡಿಗಳ ಮೇಲೆ ಅದು ಮೇಲೆ ಕೆಳಗೆ ಓಡಾಡಿ ತಾನೇ ನಿಲ್ಲುತ್ತಿತ್ತು. ಫೋನು ಎಷ್ಟು ಸಲ ನೀರಿಗೆ ಬಿದ್ದು ಬದಲಾದರೂ ಬೆರಳು ಮರೆಯಲಿಲ್ಲ. ಹಾಗಾಗಿ ನಾಗರತ್ನಾ ಮಸ್ಕತ್ತಿಗೆ ಹೋದ ಮೇಲೂ ಊರಿನ ಆ ಸಿಮ್ಮನ್ನು ತೆಗೆಯದೆ ರೋಮಿಂಗ್ ಹಾಕಿಸಿ ಇಟ್ಟುಕೊಂಡಿದ್ದಳು. ಆದರೆ ಅಲ್ಲಿ ಫೋನು ಎತ್ತಿದರೆ ಅವಳಿಗೆ ದುಡ್ಡು ಬೀಳುತ್ತಿತ್ತು. ಅದಕ್ಕೆ ಎತ್ತದೆ ಮಾತಾಡುವ ಒಂದು ರೂಢಿ ಇತ್ತು. ಅದು ಅವರಪ್ಪನ ಕಾಲದಿಂದ ಕುರಿಗಾರರಲ್ಲಿ ನಡೆದು ಬಂದದ್ದೇ. ಸಂಜೆ ಒಂದು ರಿಂಗು ಕೊಟ್ಟು ಕಟ್ ಮಾಡಿದರೆ ಎಲ್ಲರೂ ಅರಾಮ. ಒಂದರ ಬೆನ್ನಿಗೇ ಇನ್ನೊಂದು, ಹೀಗೆ ಎರಡು ಸಲ ಕೊಟ್ಟರೆ, ನೀನೇ ಫೋನು ಮಾಡು, ಮಾತಿದೆ. ಕಟ್ ಮಾಡದೆ ಪೂರಾ ರಿಂಗ್ ಆಗಲು ಬಿಡುವುದು ಒಂದಕ್ಕೆ ಮಾತ್ರ, ಸಾವಿನ ಸುದ್ದಿಗೆ. ತಪ್ಪಿ ಕೂಡ ಯಾರೂ ಪೂರಾ ಬಿಡುತ್ತಿರಲಿಲ್ಲ. ಬದುಕಿದವರ ಮೇಲೆ ಮಣ್ಣು ಎಳೆದ ಹಾಗೆ ಅದು.

ಎರಡು ವರ್ಷ ಇದು ಸರಿಯಾಗಿಯೇ ನಡೆಯಿತು. ಕಳೆದ ರಜೆಯಲ್ಲಿ ಬಂದಾಗ ನಾಗರತ್ನಾ ಮೂಡಲಗಿಯ ಬಾಳೇಶನ ಮೊಬೈಲ್ ಅಂಗಡಿಗೆ ಹೋಗಿ ಸಿಮ್ಮಿನ ಕಂಪನಿ ಬದಲಿಸಿಕೊಂಡಳು. ಹಳೇ ಕಂಪನಿಯ ರೋಮಿಂಗು ಕೈ ಸುಡುತ್ತಿತ್ತು, ಹೊಸದರಲ್ಲಿ ವರ್ಷಕ್ಕೊಂದೇ ಸಲ ಕಟ್ಟಿದರಾಗುತ್ತಿತ್ತು. ನಂಬರು ಅದೇ ಉಳಿಯುವುದಾದ್ದರಿಂದ ತಮ್ಮನಿಗೆ ಹೇಳಬೇಕು ಅಂತಲೂ ಅನಿಸಲಿಲ್ಲ. ಅದೇ ರಜೆಯಲ್ಲಿ, ಹೊರಡುವ ಹಿಂದಿನ ದಿನ, ಇಬ್ಬರಿಗೂ ಒಂದು ಮಾತು ಬಂದಿತ್ತು. ಈ ವಯಸ್ಸಿನಲ್ಲಿ ಅವ್ವನನ್ನು ಕುರಿ ಹಿಂದೆ ನಡೆಸುತ್ತೀಯಲ್ಲ ಎಂದು ಅವಳು ಅಂದಿದ್ದಳು. ನೀನು ಇಟ್ಟುಕೋ ಹಂಗಾರ, ಎಂದು ಅವನು ಅಂದಿದ್ದ.

ಮಸ್ಕತ್ತಿಗೆ ಮರಳಿದ ಮೇಲೆ ಸಂಜೆಯ ರಿಂಗು ಬರಲಿಲ್ಲ. ತಮ್ಮ ಸಿಟ್ಟಾಗಿದ್ದಾನೆ ಅಂದುಕೊಂಡಳು. ಒಂದೆರಡು ಶುಕ್ರವಾರ ತಾನೇ ಮಾಡಿ ನೋಡಿದಳು. ಚಾರ್ಜು ಉಳಿಸಲು ಅವನು ಹಗಲೆಲ್ಲ ಫೋನು ಆಫ್ ಮಾಡಿಡುವವನು, ಸಿಗಲಿಲ್ಲ. ಸಿಟ್ಟು ಇಳಿದ ಮೇಲೆ ತಾನೇ ಕೊಡುತ್ತಾನೆ ಎಂದು ಬಿಟ್ಟಳು. ಮಳೆಗಾಲ ಹೋಗಿ ಚಳಿ ಬಂತು. ಒಂದು ಬೆಳಿಗ್ಗೆ, ವಾರ್ಡಿನಲ್ಲಿ ಔಷಧಿ ಕೊಡುತ್ತಿದ್ದಾಗ, ಆ ಸಿಮ್ಮಿಗೆ ಫೋನು ಬಂತು. ನಿಲ್ಲುತ್ತದೆ ಎಂದು ಕಾದಳು. ಅದು ನಿಲ್ಲಲಿಲ್ಲ.

ಅವಳು ಮೇಲವಂಕಿ ಮುಟ್ಟುವ ಹೊತ್ತಿಗೆ ಶೆಟ್ಟೆವ್ವನ ಮಣ್ಣು ಮುಗಿದಿತ್ತು. ಪರಸಪ್ಪ ಅಕ್ಕನ ಮುಖ ನೋಡಲಿಲ್ಲ. ದಿನಕರ್ಮ ಮುಗಿಯುತ್ತಿದ್ದಂತೆ ಕುರಿಯ ಕಡೆ ಹೊರಟುಬಿಟ್ಟ. ಹೊರಡುವ ಮುಂಚೆ ಕಾಶೆವ್ವ ನಾಗರತ್ನಾಳನ್ನು ಹಿತ್ತಲಿಗೆ ಕರೆದು ಹೇಳಿದಳು.

"ಅತ್ತಿ ಹಾಸಿಗಿ ಹಿಡಿದಾಗಿಂದ ದಿನಾ ಸಂಜೀಕ ಎರಡೆರಡು ರಿಂಗ್ ಕೊಟ್ಟಾರ ನಿಮ್ಮ ತಮ್ಮ. ನಾಗೀ ದನಿ ಕೇಳಸು ಅಂತ ಅತ್ತಿ ಒಂದ ಸಮ ಗಂಟ ಬಿದ್ದಿದ್ದರ್ರಿ. ನೀವು ತಿರಗಿ ಮಾಡಲಿಲ್ಲ."

"ನನಗ ಒಂದೂ ಬಂದಿಲ್ಲ, ಕಾಶಿ. ಊರಾಗ ಇಷ್ಟ ಮಂದಿ ಅದಾರ, ದಿನಾ ಮೊಬೈಲಿನ್ಯಾಗ ಹೂವಿನ ಫೋಟೋ ಕಳಸ್ತಾರ. ಒಬ್ಬರೂ ಒಂದ ಅಕ್ಷರ ಬರೀಲಿಲ್ಲಲ್ಲ."

"ಅಕ್ಕಗ ತಿಳಿಸೇನಿ ಅಂತ ಇವರ ಎಲ್ಲಾರಿಗೂ ಹೇಳಿದ್ರು. ಮತ್ತ್ಯಾರ ತಿಳಸ್ತಾರ್ರಿ?"

ರಜೆ ಮುಗಿಯುತ್ತಾ ಬಂತು. ತಮ್ಮನ ಜೊತೆ ಮಾತಿಲ್ಲದೆ ವಿಮಾನ ಹತ್ತುವುದು ನಾಗರತ್ನಾಳಿಂದ ಆಗದ ಕೆಲಸ. ತವರು ಎಂದು ಈಗ ಉಳಿದದ್ದು ಅವನೊಬ್ಬನೇ. ರಿಂಗುಗಳು ತನಗೆ ಬರಲಿಲ್ಲ ಎಂದು ಅವನು ನಂಬಬೇಕಿತ್ತು. ನಂಬಿಸಬೇಕಾದರೆ ಯಾಕೆ ಬರಲಿಲ್ಲ ಎಂದು ಮೊದಲು ಅವಳಿಗೇ ತಿಳಿಯಬೇಕಿತ್ತು. ಮೂಡಲಗಿಗೆ ಹೋದಳು.

ಬಾಳೇಶ ಅವಳ ಮಾತನ್ನೆಲ್ಲ ಕೇಳಿ, ಚೀಲದೊಳಗೆ ಸೈಲೆಂಟಿನಲ್ಲಿದ್ದ ಅವಳ ಫೋನಿಗೆ ತನ್ನ ಫೋನಿನಿಂದ ಹಚ್ಚಿ, ಸ್ಪೀಕರ್ ಹಾಕಿದ. ದೇವರ ಹಾಡೊಂದು ಶುರುವಾಯಿತು.

"ಇದ್ಯಾವುದು?"

"ಕಾಲರ್ ಟ್ಯೂನ್ ರಿ ಅಕ್ಕಾರ. ನಿಮಗ ಫೋನ್ ಮಾಡಿದವರಿಗೆ ಕೇಳಸತೈತಿ. ಕಂಪನಿ ಬದಲ ಮಾಡಿದಾಗ ಫ್ರೀ ಇತ್ತು, ಹಚ್ಚಿದೆ. ಎಲ್ಲಾರಿಗೂ ಹಚ್ಚತೇನಿ."

ಬಾಜೂಕ್ಕೆ ನಿಂತು ರಿಚಾರ್ಜ್ ಮಾಡಿಸುತ್ತಿದ್ದ ಕಲ್ಲೋಳಿಯವನೊಬ್ಬ ತಲೆ ಎತ್ತಿದ. "ಹಚ್ಚು, ಹಚ್ಚು. ನನಗೂ ಹಚ್ಚಿದ್ದ ರಿ ಇಂವ. ಭಜನಿ ಮುಗಿದ ಮ್ಯಾಲ ಮಾತಾಡೂಣು ಅಂತ ನಮ್ಮ ಬೀಗರು ಎರಡ ತಿಂಗಳ ಹಾಡ ಕೇಳಿ ಕೇಳಿ ಫೋನ್ ಇಡತಿದ್ರು."

ಬಾಳೇಶ ನಕ್ಕ. ನಾಗರತ್ನಾಳಿಗೆ ನಗು ಬರಲಿಲ್ಲ. "ಬಾಳೇಶ, ನಾ ಹೊರದೇಶದಾಗ ಇದ್ದಾಗ ಈ ಹಾಡು ಯಾವಾಗ ಚಾಲೂ ಆಗತೈತಿ? ನನ್ನ ಫೋನ್ ರಿಂಗ್ ಆಗೂಕಿಂತ ಮೊದಲೋ, ಆಮ್ಯಾಲೋ?"

ಬಾಳೇಶನ ಮುಖದ ನಗು ಹೋಯಿತು. ಅವಳ ಪ್ರಶ್ನೆ ಎಲ್ಲಿಗೆ ಹೋಗುತ್ತಿದೆ ಎಂದು ಅವನಿಗೂ ಹೊಳೆಯಿತು. ಪರಸಪ್ಪನ ಕಿವಿಗೆ ಹಾಡು ಕೇಳಿದರೆ ರಿಂಗು ಮುಟ್ಟಿತು ಎಂದೇ ಲೆಕ್ಕ, ಅಲ್ಲಿಗೆ ಕಟ್ ಮಾಡುತ್ತಾನೆ. ಕರೆ ಸಮುದ್ರ ದಾಟಿ ಮಸ್ಕತ್ತಿಗೆ ಹೋಗಲು ಇನ್ನೂ ಕೆಲವು ಕ್ಷಣ ಬೇಕಾಗಿದ್ದರೆ, ಹಾಡು ಅದಕ್ಕೂ ಮೊದಲೇ ಶುರುವಾಗಿದ್ದರೆ, ಅವನು ಕೊಟ್ಟ ಒಂದೊಂದು ರಿಂಗೂ ನಡುದಾರಿಯಲ್ಲೇ ಉಳಿದಿರುತ್ತದೆ.

"ಖರೆ ಹೇಳಬೇಕಂದ್ರ ನನಗ ಗೊತ್ತಿಲ್ರಿ," ಅಂದ ಬಾಳೇಶ. "ಗೋಕಾಕದಾಗ ಕಂಪನಿ ಆಫೀಸ್ ಐತಿ, ಕೇಳ್ರಿ."

ಗೋಕಾಕದ ಆಫೀಸಿನಲ್ಲಿದ್ದ ಹುಡುಗಿ ಸಭ್ಯಳು. ಕಂಪ್ಯೂಟರಿನಲ್ಲಿ ಬಹಳ ಹೊತ್ತು ಹುಡುಕಿದಳು. ನಿಮ್ಮ ಫೋನಿಗೆ ಮುಟ್ಟದೇ ಹೋದ ಕರೆ ನಮ್ಮಲ್ಲಿ ಕಾಣುವುದಿಲ್ಲ ಅಂದಳು. ಹಾಡಿನ ವಿಷಯ ಅಲ್ಲಿನ ನೆಟ್‌ವರ್ಕಿನ ಮೇಲಿದೆ, ಅಲ್ಲಿಗೆ ಹೋದ ಮೇಲೆ ಯಾರಿಂದಾದರೂ ಮಾಡಿಸಿ ನೋಡಿ, ಒಂದೇ ದಿನದಲ್ಲಿ ತಿಳಿಯುತ್ತದೆ ಎಂದೂ ಅಂದಳು.

ಗೋಕಾಕದಿಂದ ನಾಗರತ್ನಾ ಹುಕ್ಕೇರಿಯ ಬಸ್ಸು ಹತ್ತಿದಳು. ಕಿಟಕಿಯ ಬದಿಗೆ ಕೂತು ಹೇಳಬೇಕಾದ್ದನ್ನು ಮನಸ್ಸಿನಲ್ಲಿ ಹೊಂದಿಸಿಕೊಳ್ಳುತ್ತಾ ಹೋದಳು. ಹಾಡು, ಸಮುದ್ರ, ತಡವಾಗುವ ರಿಂಗು. ಇಲ್ಲೂ ರಿಂಗು ಹಾಡಿಗಿಂತ ತುಸುವಾದರೂ ತಡವಾದೀತು, ಓದು ಬಾರದವನಿಗೂ ಕಣ್ಣೆದುರು ಮಾಡಿ ತೋರಿಸಿದರೆ ತಿಳಿಯುತ್ತದೆ ಅನಿಸಿತು.

ಕಬ್ಬು ಕಡಿದ ಹೊಲವೊಂದರಲ್ಲಿ ಬಲೆ ಕಟ್ಟಿ ಕುರಿ ನಿಲ್ಲಿಸಿದ್ದರು. ಇಳಿಹೊತ್ತಿನ ಬಿಸಿಲಿತ್ತು. ಪರಸಪ್ಪ ಒಂದು ಕುಂಟುವ ಮರಿಯ ಗೊರಸು ನೋಡುತ್ತಾ ಕೂತಿದ್ದ. ಅಕ್ಕ ಬಂದದ್ದನ್ನು ಕಂಡೂ ಏಳಲಿಲ್ಲ. ಕಾಶೆವ್ವ ಕಂಬಳಿ ಹಾಸಿದಳು.

"ಪರಸೂ, ನಿನ್ನ ರಿಂಗ್ ನನಗ ಬರಲಿಲ್ಲೋ," ಎಂದು ನಾಗರತ್ನಾ ನಿಂತುಕೊಂಡೇ ಶುರು ಮಾಡಿದಳು.

"ನನಗ ಹಾಡ ಕೇಳಸತಿತ್ತು."

"ಹಾಡ ಕೇಳಿಸಿದ್ರ ರಿಂಗ್ ಆದಂಗ ಅಲ್ಲ. ಅದ ಬ್ಯಾರೆ, ಇದ ಬ್ಯಾರೆ. ಈಗ ಮಾಡು. ಹಾಡ ಬಂದ ಕೂಡಲೆ ಕಟ್ ಮಾಡು. ನನ್ನ ಫೋನ್ ಸುಮ್ಮನ ಇರತೈತಿ, ನೋಡು."

ಪರಸಪ್ಪ ಮರಿಯನ್ನು ಬಿಟ್ಟು ಕೈ ಒರೆಸಿಕೊಂಡ. ಅವನ ಹೆಬ್ಬೆರಳು ಗುಂಡಿಗಳ ಮೇಲೆ ಓಡಿತು. ನಾಗರತ್ನಾ ತನ್ನ ಫೋನನ್ನು ಅಂಗೈ ಮೇಲೆ ಇಟ್ಟು ಅವನ ಮುಂದೆ ಹಿಡಿದಳು. ಹಾಡು ಶುರುವಾದದ್ದು ಅವಳಿಗೂ ಕೇಳಿಸಿತು. ಅದರ ಜೊತೆಗೇ ಅವಳ ಅಂಗೈಯೊಳಗೆ ಫೋನು ಗಟ್ಟಿಯಾಗಿ ಕೂಗಿತು.

ಪರಸಪ್ಪ ಕಟ್ ಮಾಡಿದ. ಕಾಶೆವ್ವ ಒಲೆಯ ಕಡೆ ತಿರುಗಿಕೊಂಡಳು.

"ಇಲ್ಲಿ ಹಂಗ ಆಗತೈತಿ, ಪರಸೂ. ಇಲ್ಲಿ ಫೋನ್ ಇಲ್ಲೇ ಐತಲ್ಲ. ಅಲ್ಲಿ ಹಿಂಗಲ್ಲ," ಎಂದಳು. ಆ ಮಾತು ಅವಳ ಕಿವಿಗೇ ಸುಳ್ಳಿನ ಹಾಗೆ ಕೇಳಿತು.

"ಅಲ್ಲಿ ಹ್ಯಾಂಗ ಅಂತ ನಾ ಬಂದ ನೋಡಾಕ ಆಗತೈತೇನು?" ಅಂದ ಪರಸಪ್ಪ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದರಿಂದ ಅವಳಿಗೆ ಹೆಚ್ಚು ನೋವಾಯಿತು.

"ಎರಡ ರಿಂಗಿಗೆ ನಾ ತಿರಗಿ ಮಾಡಲಿಲ್ಲ ಅಂದ ಮ್ಯಾಲ ಪೂರಾನಾದ್ರೂ ಬಿಡಬಾರದಾಗಿತ್ತ? ಎತ್ತತಿದ್ದೆ."

"ಅವ್ವ ಕಣ್ಣ ತಗದು ನನ್ನ ಕೈಯಾಗಿನ ಫೋನ್ ನೋಡಾಕತ್ತಿದ್ಲು, ಯಕ್ಕಾ. ಆಕಿ ಮುಂದ ಕುಂತು ಪೂರಾ ಹ್ಯಾಂಗ ಬಿಡಲಿ?"

ಅಷ್ಟರಲ್ಲಿ ಬಲೆಯ ಆ ಕಡೆ ಎರಡು ಟಗರು ಹಾಯ್ದಾಡತೊಡಗಿದವು. ಪರಸಪ್ಪ ಎದ್ದು ಓಡಿದ. ಓಡುವಾಗ ಫೋನನ್ನು ಕಂಬಳಿಯ ಮೇಲೆ ಇಟ್ಟು ಹೋದ. ನಾಗರತ್ನಾ ಅದನ್ನು ಕೈಗೆ ತೆಗೆದುಕೊಂಡಳು. ಹಸಿರು ಗುಂಡಿ ಒತ್ತಿದರೆ ಅದರಿಂದ ಹೋದ ಕರೆಗಳೆಲ್ಲ ಸಾಲಾಗಿ ಕಾಣುತ್ತವೆ. ಅವ್ವ ಮಲಗಿದ್ದ ಸಂಜೆಗಳ ಕರೆಗಳು ಅಷ್ಟರೊಳಗೆ ಅಳಿಸಿ ಹೋಗಿರಬಹುದು, ಇದ್ದರೂ ಇರಬಹುದು. ಇದ್ದರೆ ತಮ್ಮ ಹೇಳಿದ್ದು ನಿಜ. ಇಲ್ಲದೆ ಹೋದರೆ? ಸಿಟ್ಟಿನಲ್ಲಿ ಅವನು ರಿಂಗು ಕೊಡದೇ ಇದ್ದು, ಆಮೇಲೆ ಅವ್ವನ ಎದುರಿಗೆ, ಹೆಂಡತಿಯ ಎದುರಿಗೆ ಕೊಟ್ಟೆ ಎಂದಿದ್ದರೆ? ಹಾಗೆ ಯೋಚಿಸಿದ್ದಕ್ಕೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಆದರೂ ಬೆರಳು ಗುಂಡಿಯ ಮೇಲಿತ್ತು. ಕಾಶೆವ್ವ ಚಹಾದ ಲೋಟ ಹಿಡಿದು ನಿಂತು ನೋಡುತ್ತಿದ್ದಳು. ನಾಗರತ್ನಾ ಫೋನನ್ನು ಇದ್ದ ಜಾಗದಲ್ಲೇ ಇಟ್ಟು ಚಹಾ ತೆಗೆದುಕೊಂಡಳು.

ಪರಸಪ್ಪ ಮರಳಿ ಬಂದು ತನ್ನ ಲೋಟ ಎತ್ತಿಕೊಂಡ. ಇಬ್ಬರೂ ಕುರಿಗಳ ಕಡೆ ಮುಖ ಮಾಡಿ ಕೂತರು. ಅವ್ವ ಕೊನೆಗೆ ಏನು ತಿಂದಳು ಎಂದು ನಾಗರತ್ನಾ ಕೇಳಿದಳು. ಜೋಳದ ಗಂಜಿ, ಎರಡು ಗುಟುಕು ಎಂದ. ಮಲಗಿದ್ದು ಎಲ್ಲಿ ಎಂದಳು. ಇಲ್ಲೇ, ನೀ ಕುಂತಲ್ಲೇ, ಇದ ಕಂಬಳಿ ಎಂದ. ನಾಗರತ್ನಾ ಕಂಬಳಿಯನ್ನು ಅಂಗೈಯಿಂದ ಸವರಿದಳು. ಆಮೇಲೆ ಅವಳಿಗೆ ಅಳು ತಡೆಯಲಾಗಲಿಲ್ಲ. ಪರಸಪ್ಪ ಬೇರೆ ಕಡೆ ಮುಖ ಮಾಡಿ ಕೂತಿದ್ದ, ಎದ್ದು ಹೋಗಲಿಲ್ಲ.

ಬಸ್ಸಿನ ಹೊತ್ತಾಯಿತೆಂದು ಅವಳು ಎದ್ದಾಗ ಅವನೇ ಮಾತು ತೆಗೆದ.

"ಇನ್ನ ಮ್ಯಾಲ ಪೂರಾನ ಬಿಡತೇನಿ. ದಿನಾ."

"ಪರಸೂ, ಬ್ಯಾಡೋ. ಅದು ನಮ್ಮಲ್ಲಿ..."

"ಯಾರಿಗೆ ಅಂಜೂದು ಈಗ? ಅಂಜಬೇಕಾದಾಕಿ ಹ್ವಾದ್ಲು. ಪೂರಾ ಬಂದ್ರ ಅರಾಮ ಅದೇವಿ ಅಂತ ತಿಳಕೊ. ಎತ್ತಬ್ಯಾಡ, ರೊಕ್ಕ ಬೀಳತೈತಿ."

"ಮತ್ತ ಮಾತ ಆಡೂದಿದ್ರ?"

"ಪೂರಾ ಎರಡ ಸಲ," ಅಂದ. ಅದರಾಚೆಗಿನ ಆ ಸುದ್ದಿಗೆ ಯಾವ ರಿಂಗು ಎಂದು ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ.

ಮರುದಿನ ಅವಳು ಮತ್ತೆ ಬಾಳೇಶನ ಅಂಗಡಿಗೆ ಹೋದಳು. ಹಾಡು ಮೊದಲೇ ಬರುತ್ತದೆಯೋ ಇಲ್ಲವೋ ಎಂದು ತಿಳಿಯಲು ಒಂದೇ ದಾರಿಯಿತ್ತು. ಹೊಸ ಕಂಪನಿಯಲ್ಲೇ ಉಳಿದು, ಹಾಡನ್ನೂ ಹಾಗೇ ಇಟ್ಟುಕೊಂಡು ಮಸ್ಕತ್ತಿಗೆ ಹೋಗುವುದು, ಅಲ್ಲಿಂದ ಬಾಳೇಶನಿಗೇ ಹೇಳಿ ಒಂದು ರಿಂಗು ಕೊಡಿಸಿ ನೋಡುವುದು. ಬರದಿದ್ದರೆ ತಾನು ಹೇಳಿದ್ದು ನಿಜ ಎಂದಾಗುತ್ತದೆ. ಬಂದರೆ, ಅಂದಿನ ರಿಂಗುಗಳೂ ಬರಬೇಕಾಗಿತ್ತು, ಬರದೇ ಹೋದದ್ದು ಕೊಡದೇ ಇದ್ದದ್ದಕ್ಕೇ ಎಂದಾಗುತ್ತದೆ. ಬಾಳೇಶನೂ ಅದನ್ನೇ ಹೇಳಿದ. "ಒಂದ ದಿನ ನೋಡ್ರಿ ಅಕ್ಕಾರ. ಖರೆ ಯಾವುದು ಅಂತ ಗೊತ್ತಾಗಿ ಬಿಡಲಿ."

"ಬ್ಯಾಡ," ಅಂದಳು ನಾಗರತ್ನಾ. "ಹಳೇ ಕಂಪನಿಗೇ ಹಾಕು. ರೊಕ್ಕ ಹ್ವಾದ್ರ ಹೋಗಲಿ. ಅದರಾಗ ಅವನ ರಿಂಗ್ ಬರತಿತ್ತು."

"ಹಾಡು?"

"ತಗದಬಿಡು."

ಸಿಮ್ಮು ಬದಲಾಗಿ ಬಂದ ಮೇಲೆಯೇ ಅವಳು ವಿಮಾನ ಹತ್ತಿದಳು. ಈಗ ಮಸ್ಕತ್ತಿನಲ್ಲಿ ಸಂಜೆಯಾಗುವ ಹೊತ್ತಿಗೆ ಆ ಫೋನು ಬಡಿದುಕೊಳ್ಳುತ್ತದೆ, ನಿಲ್ಲದೆ ಪೂರಾ ಆಗುತ್ತದೆ. ಅದು ಕೂಗುವಷ್ಟು ಹೊತ್ತೂ ನಾಗರತ್ನಾ ಕೈಯಲ್ಲಿದ್ದ ಕೆಲಸ ಬಿಟ್ಟು ನಿಂತಿರುತ್ತಾಳೆ. ಅರಾಮದ ಸುದ್ದಿ ಎಂದು ತಲೆಗೆ ಗೊತ್ತು, ಮೈಗೆ ಇನ್ನೂ ಗೊತ್ತಾಗಿಲ್ಲ. ನಿಂತ ಮೇಲೆ ಮತ್ತೊಂದು ಬರುವುದೇನೋ ಎಂದು ಸ್ವಲ್ಪ ಕಾದು, ಕೆಲಸಕ್ಕೆ ಮರಳುತ್ತಾಳೆ.

ಹುಕ್ಕೇರಿಯ ಹೊಲದಿಂದ ಆ ಸಂಜೆಗಳಲ್ಲಿ ಹೊರಟ ರಿಂಗುಗಳು ಎಲ್ಲಿ ನಿಂತವು ಎಂಬುದು ಗೊತ್ತಿಲ್ಲ. ಅವು ಹೊರಟಿದ್ದವೇ ಎಂಬುದೂ ಗೊತ್ತಿಲ್ಲ. ಪರಸಪ್ಪ ಅಕ್ಕನನ್ನು ನಂಬಿದನೋ, ಅಥವಾ ನಂಬದೆಯೇ ಬಿಟ್ಟುಕೊಟ್ಟನೋ, ಅದನ್ನು ಅವನು ಯಾರಿಗೂ ಹೇಳಿಲ್ಲ.